ಪಟ್ಟ ಕಟ್ಟಿದ ಕೈಗಳು

ನಮ್ಮ ಪಠ್ಯಪುಸ್ತಕಗಳಲ್ಲಿ ರಾಜವಂಶದ ಪಟ್ಟಿ ಮೇಲಿನಿಂದ ಕೆಳಕ್ಕೆ ಒಂದೇ ಗೆರೆಯಲ್ಲಿ ಇಳಿಯುತ್ತದೆ. ತಂದೆಯ ಕೆಳಗೆ ಮಗ, ಮಗನ ಕೆಳಗೆ ಮೊಮ್ಮಗ, ಪಕ್ಕದಲ್ಲಿ ಆಳಿದ ವರ್ಷಗಳು. ಓದಿದವರ ಮನಸ್ಸಿನಲ್ಲಿ ಉಳಿಯುವುದು ರಾಜ್ಯವೆಂದರೆ ಹುಟ್ಟಿನಿಂದ ಬರುವ ಆಸ್ತಿ ಎಂಬ ಭಾವನೆ. ರಾಜನನ್ನು ಆರಿಸುವ ಪದ್ಧತಿ ಎಲ್ಲಿತ್ತು ಎಂದು ಯಾರಾದರೂ ಕೇಳಿದರೆ ಮಧ್ಯಯುಗದ ಜರ್ಮನಿಯತ್ತ ಬೆರಳು ತೋರಿಸುತ್ತೇವೆ. ಅಲ್ಲಿ ಏಳು ಮಂದಿ ಪ್ರಭುಗಳು ಸೇರಿ ರಾಜನನ್ನು ಚುನಾಯಿಸುತ್ತಿದ್ದರು. ಹಾಗೆ ಆಯ್ಕೆಯಾದವನು ಇಟಲಿಗೆ ದಂಡೆತ್ತಿ ಹೋಗಿ ಪೋಪನ ಕೈಯಿಂದ ಕಿರೀಟ ಪಡೆದರೆ ಚಕ್ರವರ್ತಿಯಾಗುತ್ತಿದ್ದ. ಆ ಮಾತು ನಿಜ. ಆದರೆ ಅದರ ಬೆನ್ನಿಗೇ, ಅಂಥದ್ದು ನಮ್ಮಲ್ಲಿ ಇರಲಿಲ್ಲ ಎಂದು ಸೇರಿಸುವುದು ತಪ್ಪು. ಸಾಮಂತರು ಒಪ್ಪಿ ಪಟ್ಟ ಕಟ್ಟಿದ ಅರಸರು ಕನ್ನಡ ನಾಡಿನಲ್ಲೂ ಇದ್ದರು, ಅದನ್ನು ಅವರ ಶಾಸನಗಳೇ ಮುಚ್ಚುಮರೆಯಿಲ್ಲದೆ ಹೇಳುತ್ತವೆ. ಆ ಒಪ್ಪಿಗೆಯ ಹಕ್ಕು ಯಾರದು ಎಂದು ಹೆಸರು ಹಿಡಿದು ಬರೆದಿಡುವ ಏರ್ಪಾಡು ಮಾತ್ರ ಇಲ್ಲಿ ಹುಟ್ಟಲಿಲ್ಲ. ಏಕೆ ಹುಟ್ಟಲಿಲ್ಲ ಎಂಬುದಕ್ಕೆ ಉತ್ತರ ಹುಡುಕಲು ಸೊಕ್ಕೆ, ಜಗಳೂರು, ಉಚ್ಚಂಗಿಯ ಸುತ್ತಿನ ನೆಲಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಇದು ಹಿಂದೆ ನೊಳಂಬವಾಡಿ ಮೂವತ್ತೆರಡು ಸಾಸಿರವೆಂದು ಹೆಸರಾದ ಸೀಮೆ.

ಕಾಲದ ಒಂದು ಕಾಕತಾಳೀಯದಿಂದ ತೊಡಗಬಹುದು. 936ರ ಆಗಸ್ಟ್ 7ರಂದು ಜರ್ಮನಿಯ ಪಶ್ಚಿಮ ಗಡಿಯ ಆಖೆನ್ ಪಟ್ಟಣದಲ್ಲಿ ಸ್ಯಾಕ್ಸನಿಯ ಒಟ್ಟೋ ರಾಜನಾದ. ತಂದೆ ಹೆನ್ರಿ ಸಾಯುವ ಮೊದಲೇ ಅವನನ್ನು ಸೂಚಿಸಿದ್ದ. ಆದರೂ ಅಷ್ಟು ಸಾಲಲಿಲ್ಲ. ಕಾರ್ವೈ ಮಠದ ಸನ್ಯಾಸಿ ವಿಡುಕಿಂಡ್ ಬರೆದಿರುವಂತೆ, ಚರ್ಚಿನ ಹೊರಗಿನ ಕಂಬಸಾಲಿನ ಅಂಗಳದಲ್ಲಿ ನಾಡಿನ ಡ್ಯೂಕರೂ ಪ್ರಮುಖ ಯೋಧರೂ ಅವನನ್ನು ಪೀಠದ ಮೇಲೆ ಕೂರಿಸಿ, ಕೈ ನೀಡಿ, ನಿಷ್ಠೆಯ ಮಾತು ಕೊಟ್ಟರು. ಆಮೇಲೆ ಒಳಗೆ ಮೈನ್ಸ್‌ನ ಆರ್ಚ್‌ಬಿಷಪ್ ಹಿಲ್ಡಿಬರ್ಟ್ ಅವನನ್ನು ನೆರೆದ ಜನರಿಗೆ ತೋರಿಸಿ, ಒಪ್ಪಿಗೆಯಿದ್ದರೆ ಬಲಗೈ ಎತ್ತಿ ಎಂದ. ಜನ ಕೈಯೆತ್ತಿ ಜಯಘೋಷ ಮಾಡಿದರು. ಅನಂತರವೇ ತೈಲಾಭಿಷೇಕ, ಕಿರೀಟಧಾರಣೆ. ಆ ದಿನದ ಔತಣದಲ್ಲಿ ಲೋರೇನ್, ಫ್ರಾಂಕೋನಿಯ, ಸ್ವಾಬಿಯ, ಬವೇರಿಯಗಳ ನಾಲ್ವರು ಡ್ಯೂಕರು ಊಳಿಗದವರಂತೆ ನಿಂತು ಬಡಿಸುವ, ಪಾನಪಾತ್ರೆ ನೀಡುವ, ಕುದುರೆ ಮತ್ತು ಬಿಡಾರ ನೋಡಿಕೊಳ್ಳುವ ಕೆಲಸಗಳನ್ನು ಹಂಚಿಕೊಂಡರು. ರಾಜನಿಗೆ ಸಮನಾಗಿ ನಿಲ್ಲಬಲ್ಲವರು ತಾವಾಗಿಯೇ ಅವನಿಗೆ ಬಡಿಸುವುದೇ ಆ ಸಮ್ಮತಿಯ ಕಣ್ಣಿಗೆ ಕಾಣುವ ರೂಪ.

ಹೆಚ್ಚುಕಡಿಮೆ ಅದೇ ವರ್ಷ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಅಂದಿನ ಮಾನ್ಯಖೇಟದಲ್ಲಿ, ರಾಷ್ಟ್ರಕೂಟರ ಸಿಂಹಾಸನಕ್ಕೆ ಬದ್ದೆಗ ಏರಿದ. ಮೂರನೆಯ ಅಮೋಘವರ್ಷ ಎಂಬುದು ಅವನ ಬಿರುದು. ಅವನಿಗಿಂತ ಮೊದಲು ಆಳುತ್ತಿದ್ದ ನಾಲ್ಕನೆಯ ಗೋವಿಂದ ಬದ್ದೆಗನ ಅಣ್ಣನಾದ ಮೂರನೆಯ ಇಂದ್ರನ ಮಗ. ಎಂದರೆ ಪಟ್ಟ ಮಗನಿಂದ ಮೊಮ್ಮಗನಿಗೆ ಇಳಿಯದೆ ಹಿಂದಕ್ಕೆ ಹೊರಳಿ ಚಿಕ್ಕಪ್ಪನಿಗೆ ಹೋಯಿತು. ಹೇಗೆ ಹೋಯಿತು? ಬದ್ದೆಗನ ಮಗ ಮೂರನೆಯ ಕೃಷ್ಣ 940ರಲ್ಲಿ ಹೊರಡಿಸಿದ ದೇವಳಿಯ ತಾಮ್ರಪಟಗಳು ಇದಕ್ಕೆ ಉತ್ತರ ಕೊಡುತ್ತವೆ. 959ರ ಕರ್ಹಾಡದ ಪಟಗಳಲ್ಲೂ ಅದೇ ನಿರೂಪಣೆಯಿದೆ. ಗೋವಿಂದ ಹೆಣ್ಣಿನ ವ್ಯಾಮೋಹಕ್ಕೆ ಬಿದ್ದು, ದುರ್ನಡತೆಯಿಂದ ಎಲ್ಲರ ಮನಸ್ಸನ್ನೂ ಮುರಿದು ನಾಶವಾದ. ಆಗ ರಟ್ಟರ, ಎಂದರೆ ರಾಷ್ಟ್ರಕೂಟರ, ರಾಜ್ಯದ ಹಿರಿಮೆಯನ್ನು ಉಳಿಸಬೇಕೆಂದು ಸಾಮಂತರು ಬೇಡಿಕೊಂಡದ್ದರಿಂದ, ಶಿವನ ಪ್ರೇರಣೆಯೂ ಕೂಡಿದ್ದರಿಂದ, ಅಮೋಘವರ್ಷ ಸಿಂಹಾಸನವನ್ನೇರಿದ ಎಂಬುದು ಅವುಗಳ ಸಾರ. ಸಾಮಂತರ ಕೋರಿಕೆ, ದೇವರ ಪ್ರೇರಣೆ ಎರಡನ್ನೂ ಹೇಳಿರುವುದನ್ನು ಗಮನಿಸಬೇಕು. ಆಖೆನ್‌ನ ಅಂಗಳದಲ್ಲಿ ಡ್ಯೂಕರು, ಒಳಗೆ ಅಭಿಷೇಕ ಮಾಡುವ ಧರ್ಮಗುರು. ಎರಡೂ ಕಡೆ ಅಧಿಕಾರಕ್ಕೆ ಇವೇ ಎರಡು ಆಧಾರ.

ಪ್ರಶಸ್ತಿ ಬರೆಯುವ ಕವಿಯ ಮಾತನ್ನು ನಂಬುವುದು ಹೇಗೆ ಎಂದು ಇತಿಹಾಸ ಬಲ್ಲವರು ಕೇಳಿಯೇ ಕೇಳುತ್ತಾರೆ. ಕಸಿದುಕೊಂಡ ರಾಜ್ಯಕ್ಕೆ ಕೋರಿಕೆಯ ಬಣ್ಣ ಬಳಿಯುವುದು ಆಸ್ಥಾನದವರ ಕೆಲಸವೇ ಅಲ್ಲವೇ? ಆಕ್ಷೇಪಣೆ ಸರಿಯಾದದ್ದೇ. ಅದಕ್ಕೇ ಇನ್ನೊಂದು ಆಸ್ಥಾನದ ಸಾಕ್ಷಿಯನ್ನು ಕರೆಯಬೇಕು. ವೇಮುಲವಾಡದ ಚಾಳುಕ್ಯ ಎರಡನೆಯ ಅರಿಕೇಸರಿಯ ಆಸ್ಥಾನದಲ್ಲಿದ್ದ ಪಂಪ 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ಮುಗಿಸಿದ. ಅದರಲ್ಲಿ ತನ್ನ ಒಡೆಯನ ಸಾಹಸಗಳನ್ನು ಹೇಳುವಾಗ, ಶರಣು ಬಂದ ವಿಜಯಾದಿತ್ಯನನ್ನು ಅರಿಕೇಸರಿ ಕಾಪಾಡಿದ್ದು, ಗೊಜ್ಜಿಗ ಕಳಿಸಿದ ಸಾಮಂತರ ದಂಡನ್ನು ಸೋಲಿಸಿದ್ದು, ತನ್ನನ್ನು ನಂಬಿ ಬಂದ ಬದ್ದೆಗನಿಗೆ ಸಾಮ್ರಾಜ್ಯವನ್ನು ಕೊಡಿಸಿದ್ದು ಎಲ್ಲವೂ ಬರುತ್ತದೆ. ಗೊಜ್ಜಿಗನೆಂದರೆ ಇದೇ ಗೋವಿಂದ. ಸಿಂಹಾಸನವೇರಿದವನ ಕಡೆಯವರು ಸಾಮಂತರು ಬೇಡಿದರು ಎನ್ನುತ್ತಾರೆ. ಏರಿಸಿದ ಸಾಮಂತನ ಕಡೆಯವರು ನಾವೇ ಕೊಟ್ಟೆವು ಎನ್ನುತ್ತಾರೆ. ಎರಡರ ಹೆಮ್ಮೆ ಬೇರೆ ಬೇರೆ, ಸಂಗತಿ ಒಂದೇ. ಕಾಲದ ಅಂತರವನ್ನೂ ನೋಡಬೇಕು. ವಿಡುಕಿಂಡ್ ತನ್ನ ಗ್ರಂಥವನ್ನು ಬರೆದದ್ದು 936ರ ಮೂವತ್ತು ವರ್ಷಗಳ ಮೇಲೆ. ಮುಂದೆ ನಡೆದ ಇನ್ನೊಂದು ಪಟ್ಟಾಭಿಷೇಕವನ್ನು ಕಂಡು ಹಿಂದಿನದಕ್ಕೆ ಆರೋಪಿಸಿದ್ದಾನೆ ಎಂದು ಶಂಕಿಸುವ ವಿದ್ವಾಂಸರು ಜರ್ಮನಿಯಲ್ಲೇ ಇದ್ದಾರೆ. ನಮ್ಮ ದೇವಳಿಯ ಪಟ ಘಟನೆಯಾದ ನಾಲ್ಕು ವರ್ಷಕ್ಕೆ, ಪಂಪನ ಕಾವ್ಯ ಐದು ವರ್ಷಕ್ಕೆ ಬಂದವು. ಅವರ ಸಾಕ್ಷಿಯನ್ನು ಒಪ್ಪಿ ನಮ್ಮದನ್ನು ಬದಿಗಿಡುವುದಕ್ಕೆ ಕಾರಣವೇ ಇಲ್ಲ. ಬಣ್ಣ ಬಳಿದದ್ದೇ ಆದರೂ ಆ ಬಣ್ಣ ಮುಖ್ಯ: ಅರಸನಾಗುವುದಕ್ಕೆ ಸಾಮಂತರ ಕೋರಿಕೆ ಒಂದು ಯೋಗ್ಯ ಕಾರಣ ಎಂದು ಕೇಳುಗರು ನಂಬಿರದಿದ್ದರೆ ಶಾಸನಕವಿ ಅದನ್ನು ತಾಮ್ರದ ಮೇಲೆ ಕೊರೆಸುತ್ತಿರಲಿಲ್ಲ.

ಇದು ಒಂದು ಸಲ ನಡೆದು ಮರೆತುಹೋದ ಸಂಗತಿಯೂ ಅಲ್ಲ. ರಾಷ್ಟ್ರಕೂಟರಲ್ಲಿ ಹಿರಿಯ ಮಗನಿಗೇ ಪಟ್ಟ ಎಂಬ ನಿಯಮ ಎಂದೂ ಗಟ್ಟಿಯಾಗಿರಲಿಲ್ಲ. ಧ್ರುವ 780ರ ಸುಮಾರಿಗೆ ಅಣ್ಣ ಎರಡನೆಯ ಗೋವಿಂದನನ್ನು ತಳ್ಳಿ ಅರಸನಾದ. ತಾನು ಹಿರಿಯ ಮಗ ಸ್ತಂಭನನ್ನು ಬಿಟ್ಟು ಕಿರಿಯ ಮಗ ಮೂರನೆಯ ಗೋವಿಂದನನ್ನು ಆರಿಸಿದ. ಸ್ತಂಭ ಹನ್ನೆರಡು ಮಂದಿ ಅರಸರನ್ನು ಕೂಡಿಕೊಂಡು ದಂಗೆಯೆದ್ದು ಸೋತ. ಗೆದ್ದ ತಮ್ಮ ಅವನನ್ನು ಕೊಲ್ಲದೆ ಗಂಗವಾಡಿಯ ಆಳ್ವಿಕೆಗೆ ಮತ್ತೆ ಕಳಿಸಿದ. ಮುಂದೆ ಹುಡುಗನಾಗಿದ್ದಾಗಲೇ ಪಟ್ಟವೇರಿದ ಮೊದಲನೆಯ ಅಮೋಘವರ್ಷ, ಎಂದರೆ ನೃಪತುಂಗ, ದಂಗೆಯಲ್ಲಿ ರಾಜ್ಯ ಕಳೆದುಕೊಂಡಾಗ ಅದನ್ನು 821ರ ಹೊತ್ತಿಗೆ ಮರಳಿ ಕೊಡಿಸಿದವನು ಗುಜರಾತಿನ ಶಾಖೆಯ ಕರ್ಕ. ಬದ್ದೆಗ 939ರಲ್ಲಿ ತೀರಿಕೊಂಡ ಮೇಲೆ ಲಲ್ಲೆಯನೆಂಬವನಿಂದ ಆನೆ, ಕುದುರೆ, ಬೆಳ್ಗೊಡೆ, ಸಿಂಹಾಸನಗಳನ್ನು ಕಿತ್ತು ಕೃಷ್ಣನಿಗೆ ಕೊಟ್ಟವನು ಗಂಗರ ಬೂತುಗ ಎಂದು ಸೂಡಿಯ ತಾಮ್ರಪಟ ಹೇಳುತ್ತದೆ. ಆ ಪಟವನ್ನು ಪ್ರಕಟಿಸಿದ ಫ್ಲೀಟ್ ಅವರೇ ಅದನ್ನು ನಕಲಿಯೆಂದು ಶಂಕಿಸಿದ್ದರಿಂದ ಅದರ ಮೇಲೆ ಹೆಚ್ಚು ಭಾರ ಹಾಕಬಾರದು. ಆದರೆ ಬೂತುಗನಿಗೂ ಕೃಷ್ಣನಿಗೂ ಇದ್ದ ನಂಟಿಗೆ ಬೇರೆ ಗಟ್ಟಿ ಪುರಾವೆಯಿದೆ: ಕೃಷ್ಣನ ಅಕ್ಕ ರೇವಕ ಬೂತುಗನ ಹೆಂಡತಿ, ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದದ್ದಕ್ಕೆ ಅವನಿಗೆ ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಮೊದಲಾದ ನಾಡುಗಳು ಸಿಕ್ಕವೆಂದು ಆತಕೂರಿನ ಶಾಸನ ಹೇಳುತ್ತದೆ. ಈ ನಾಡುಗಳ ಮಾತು ಮುಂದೆ ಮತ್ತೆ ಬೇಕಾಗುತ್ತದೆ.

ಕತ್ತಿಯ ಬಲದಿಂದ ನಡೆದದ್ದನ್ನು ಆಯ್ಕೆ ಎಂದು ಕರೆಯಬಹುದೇ ಎಂಬುದು ಎರಡನೆಯ ಆಕ್ಷೇಪಣೆ. ಕತ್ತಿ ಬೇಡವೆಂದರೆ ಜರ್ಮನಿಯ ಆಯ್ಕೆಗಳಲ್ಲೂ ಎಷ್ಟೋ ಬಿದ್ದುಹೋಗುತ್ತವೆ. ಮೂರನೆಯ ಒಟ್ಟೋ 1002ರಲ್ಲಿ ಇಟಲಿಯಲ್ಲಿ ತೀರಿಕೊಂಡಾಗ, ಅವನ ಶವವನ್ನು ತರುತ್ತಿದ್ದ ಮೆರವಣಿಗೆಯನ್ನು ತಡೆದು ರಾಜಲಾಂಛನಗಳನ್ನು ವಶಪಡಿಸಿಕೊಂಡವನು ಬವೇರಿಯದ ಹೆನ್ರಿ. ಆಮೇಲೆ ಅವನೇ ಆಯ್ಕೆಯಾದ. 1077ರಲ್ಲಿ ಫೋರ್ಖ್‌ಹೈಮ್‌ನಲ್ಲಿ ಸೇರಿದ ಪ್ರಭುಗಳು, ಹಿಂದೆ ಪೋಪನ ಬಹಿಷ್ಕಾರಕ್ಕೆ ಗುರಿಯಾಗಿದ್ದ ನಾಲ್ಕನೆಯ ಹೆನ್ರಿ ಬದುಕಿರುವಾಗಲೇ ರೈನ್‌ಫೆಲ್ಡನ್‌ನ ರುಡಾಲ್ಫ್‌ನನ್ನು ರಾಜನೆಂದು ಆರಿಸಿದರು. ರಾಜ್ಯ ಹುಟ್ಟಿನಿಂದ ಬರತಕ್ಕದ್ದಲ್ಲ ಎಂದು ಸಾರಿದ್ದೂ ಆ ಸಭೆಯೇ. ಅನಂತರ ನಡೆದದ್ದು ವರ್ಷಗಟ್ಟಲೆಯ ಯುದ್ಧ. 1198ರಲ್ಲಿ ಒಂದು ಬಣ ಸ್ವಾಬಿಯದ ಫಿಲಿಪ್‌ನನ್ನು, ಇನ್ನೊಂದು ಬಣ ಬ್ರನ್ಸ್‌ವಿಕ್‌ನ ಒಟ್ಟೋನನ್ನು ಆರಿಸಿತು. 1257ರಲ್ಲಿ ಮತ್ತೆ ಇಬ್ಬರು, ಇಬ್ಬರೂ ಪರದೇಶದವರು: ಇಂಗ್ಲೆಂಡಿನ ರಾಜನ ತಮ್ಮ ರಿಚರ್ಡ್, ಸ್ಪೇನಿನ ಕ್ಯಾಸ್ಟೀಲ್‌ನ ದೊರೆ ಅಲ್ಫಾನ್ಸೊ. ಆದ್ದರಿಂದ ಎರಡು ನಾಡುಗಳ ನಡುವಿನ ವ್ಯತ್ಯಾಸವನ್ನು ಕತ್ತಿಯಲ್ಲಿ ಹುಡುಕಿ ಫಲವಿಲ್ಲ. ಸಾಮಾನ್ಯ ಜನರನ್ನು ಕೇಳಿದ್ದರೇ ಎಂಬ ಪ್ರಶ್ನೆಗೂ ಎರಡು ಕಡೆ ಒಂದೇ ಉತ್ತರ. ಆಖೆನ್‌ನಲ್ಲಿ ಕೈಯೆತ್ತಿದ ಜನಕ್ಕೆ ಬೇಡವೆನ್ನುವ ಅವಕಾಶವಿರಲಿಲ್ಲ. ಮಾನ್ಯಖೇಟದ ಜನರ ಪ್ರಸ್ತಾಪವೂ ಶಾಸನದಲ್ಲಿಲ್ಲ.

ವ್ಯತ್ಯಾಸ ಕಾಣಿಸಿಕೊಳ್ಳುವುದು ರೋಮಿನ ದಾರಿಯಲ್ಲಿ. ಒಟ್ಟೋ 936ರಲ್ಲಿ ಆದದ್ದು ರಾಜ ಮಾತ್ರ. ಚಕ್ರವರ್ತಿಯಾದದ್ದು 962ರ ಫೆಬ್ರವರಿ 2ರಂದು, ರೋಮಿನಲ್ಲಿ ಪೋಪ್ ಹನ್ನೆರಡನೆಯ ಜಾನ್ ಕಿರೀಟವಿಟ್ಟಾಗ. ಅಲ್ಲಿಂದ ಮುಂದೆ ಜರ್ಮನ್ ರಾಜನೊಬ್ಬ ಚಕ್ರವರ್ತಿಯೆನಿಸಲು ಆಲ್ಪ್ಸ್ ದಾಟಿ ಹೋಗಿ ಇನ್ನೊಬ್ಬರ ಕೈಯಿಂದ ಅದನ್ನು ಪಡೆಯಬೇಕಾಯಿತು. ಹೋಗಲಾರದವರು ಕೊನೆಯವರೆಗೂ ರಾಜರಾಗಿಯೇ ಉಳಿದರು. 1273ರಲ್ಲಿ ಆಯ್ಕೆಯಾದ ಹಾಪ್ಸ್‌ಬರ್ಗ್‌ನ ರುಡಾಲ್ಫ್ ಅಂಥವರಲ್ಲೊಬ್ಬ. ಎರಡನೆಯ ಫ್ರೆಡರಿಕ್‌ನ 1220ರ ಕಿರೀಟಧಾರಣೆಗೂ ಏಳನೆಯ ಹೆನ್ರಿಯ 1312ರ ಕಿರೀಟಧಾರಣೆಗೂ ನಡುವೆ ಒಬ್ಬನೂ ರೋಮಿನಲ್ಲಿ ಚಕ್ರವರ್ತಿಯಾಗಲಿಲ್ಲ. ಕಿರೀಟ ಕೊಡುವವನು ಹೊರಗಿನವನಾದರೆ ಅವನು ಪ್ರಶ್ನೆ ಕೇಳುತ್ತಾನೆ. 1198ರ ಇಬ್ಬರು ರಾಜರ ಜಗಳ ಮೂರನೆಯ ಇನ್ನೊಸೆಂಟ್ ಪೋಪನ ಮುಂದೆ ಬಂದಾಗ ಅವನು 1202ರಲ್ಲಿ ಲಿಖಿತವಾಗಿಯೇ ಉತ್ತರಿಸಿದ: ಆರಿಸುವ ಹಕ್ಕು ಪ್ರಭುಗಳದ್ದು, ಆದರೆ ಯಾರಿಗೆ ಅಭಿಷೇಕ ಮಾಡಬೇಕೋ ಆ ವ್ಯಕ್ತಿಯನ್ನು ಪರೀಕ್ಷಿಸುವ ಹಕ್ಕು ನನ್ನದು. ಹಾಗಾದರೆ ಯಾವ ಪ್ರಭುಗಳು, ಎಷ್ಟು ಮಂದಿ, ಮೊದಲು ಮತ ಹಾಕುವವರು ಯಾರು? ಪೋಪನಿಗೆ ಎದುರುತ್ತರ ಕೊಡಬೇಕಾದ ಕಾರಣಕ್ಕೇ ಜರ್ಮನ್ನರು ಇದನ್ನೆಲ್ಲ ಬರೆದಿಟ್ಟುಕೊಳ್ಳಬೇಕಾಯಿತು ಎಂದು ನಾನು ನಂಬುತ್ತೇನೆ. ಹದಿಮೂರನೆಯ ಶತಮಾನದ ಆರಂಭದ ದಶಕಗಳಲ್ಲಿ ಐಕೆ ಫಾನ್ ರೆಪ್ಗೋವ್ ಬರೆದ ಸ್ಯಾಕ್ಸನ್ ಕಾನೂನು ಗ್ರಂಥ ಮೊದಲು ಮತ ಹಾಕಬೇಕಾದ ಆರು ಮಂದಿಯನ್ನು ಹೆಸರಿಸಿ, ಬೊಹೀಮಿಯದ ರಾಜ ಜರ್ಮನ್ ಅಲ್ಲವೆಂದು ಹೊರಗಿಡುತ್ತದೆ. 1257ರ ಹೊತ್ತಿಗೆ ಅವನೂ ಸೇರಿ ಏಳಾಯಿತು. 1338ರಲ್ಲಿ ರೈನ್ ದಡದ ರೆನ್ಸೆಯಲ್ಲಿ ಸೇರಿದ ಮತದಾರ ಪ್ರಭುಗಳು, ಬಹುಮತದಿಂದ ಆಯ್ಕೆಯಾದವನಿಗೆ ಪೋಪನ ಒಪ್ಪಿಗೆ ಬೇಕಿಲ್ಲ ಎಂದು ಸಾರಿದರು. ನಾಲ್ಕನೆಯ ಕಾರ್ಲ್ 1356ರಲ್ಲಿ ಹೊರಡಿಸಿದ ಸುವರ್ಣಮುದ್ರೆಯ ಶಾಸನ ಇದಕ್ಕೆಲ್ಲ ಕಟ್ಟು ಹಾಕಿತು: ಮೈನ್ಸ್, ಟ್ರೀರ್, ಕೋಲ್ನ್‌ಗಳ ಆರ್ಚ್‌ಬಿಷಪ್‌ಗಳು, ಬೊಹೀಮಿಯದ ರಾಜ, ರೈನ್ ಪ್ರಾಂತದ ಅರಮನೆಯ ಕೌಂಟ್, ಸ್ಯಾಕ್ಸನಿಯ ಡ್ಯೂಕ್, ಬ್ರಾಂಡೆನ್‌ಬರ್ಗ್‌ನ ಗಡಿಪಾಲಕ. ಆಯ್ಕೆ ಫ್ರಾಂಕ್‌ಫರ್ಟ್‌ನಲ್ಲಿ, ಪಟ್ಟ ಆಖೆನ್‌ನಲ್ಲಿ, ನಾಲ್ಕು ಮತ ಬಂದರೆ ಸಾಕು. ಮೂವತ್ತು ದಿನ ಕಳೆದರೂ ತೀರ್ಮಾನಕ್ಕೆ ಬಾರದಿದ್ದರೆ ಮತದಾರರಿಗೆ ಬರೀ ರೊಟ್ಟಿ ನೀರು.

ದಖನ್ನಿನ ಚಕ್ರವರ್ತಿಗೆ ಹೊರಗಿನಿಂದ ಕಿರೀಟ ತರುವ ಅಗತ್ಯವಿರಲಿಲ್ಲ. ಬೆಳ್ಗೊಡೆ, ಪಾಳಿಧ್ವಜಗಳೆಂಬ ಲಾಂಛನಗಳು, ಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ ಎಂಬ ಬಿರುದುಗಳು ಗೆದ್ದವನಿಗೆ ಗೆಲುವಿನ ಜೊತೆಯಲ್ಲೇ ಬರುತ್ತಿದ್ದವು. ಮೂರನೆಯ ಇಂದ್ರ ಕನೌಜಿನವರೆಗೆ ದಂಡೆತ್ತಿ ಹೋದ, ಮೂರನೆಯ ಕೃಷ್ಣ ಕಂಚಿ ತಂಜಾವೂರುಗಳನ್ನು ಗೆದ್ದೆನೆಂದು ಬಿರುದು ಹೊತ್ತ. ಅವರ ದಿಗ್ವಿಜಯವನ್ನು ಪರೀಕ್ಷಿಸಿ ಮುದ್ರೆಯೊತ್ತುವ ಮೂರನೆಯವನು ಇರಲಿಲ್ಲ. ಅಭಿಷೇಕ ಮಾಡುವ ಪುರೋಹಿತ ಅರಸನ ಆಶ್ರಯದಲ್ಲಿದ್ದವನು. ಮೈನ್ಸ್‌ನ ಆರ್ಚ್‌ಬಿಷಪ್‌ನಂತೆ ಸ್ವಂತ ಸೀಮೆ, ಸ್ವಂತ ಸೈನ್ಯ, ಒಬ್ಬ ಸತ್ತರೆ ಇನ್ನೊಬ್ಬ ಬಂದು ಕೂರುವ ಶಾಶ್ವತ ಪೀಠ ಅವನಿಗಿರಲಿಲ್ಲ. ಏಳು ಮತಗಳಲ್ಲಿ ಮೂರು ಮಕ್ಕಳಿಲ್ಲದ ಧರ್ಮಗುರುಗಳ ಕೈಯಲ್ಲಿದ್ದವು ಎಂಬುದನ್ನು ಮರೆಯಬಾರದು. ವಂಶ ನಂದಿದರೂ ಆ ಮತ ನಂದುವುದಿಲ್ಲ.

ಉಳಿದ ನಾಲ್ಕು ಮತಗಳೋ? ಸುವರ್ಣಮುದ್ರೆಯ ಶಾಸನ ಅವುಗಳನ್ನು ನೆಲಕ್ಕೆ ಕಟ್ಟಿಹಾಕಿತು: ಮತದಾರ ಪ್ರಭುವಿನ ಸೀಮೆಯನ್ನು ಪಾಲು ಮಾಡುವಂತಿಲ್ಲ, ಅದು ಹಿರಿಯ ಮಗನಿಗೇ ಸಲ್ಲಬೇಕು. ರಾಜನ ಪಟ್ಟ ಹುಟ್ಟಿನಿಂದ ಬರಬಾರದೆಂದವರು ಆರಿಸುವವರ ಪಟ್ಟವನ್ನು ಹುಟ್ಟಿಗೆ ಬಿಗಿದರು. ನಮ್ಮಲ್ಲಿ ಅದಕ್ಕೆ ನೆಲವೇ ನಿಲ್ಲಲಿಲ್ಲ. ಬನವಾಸಿ, ಬೆಳ್ವೊಲ, ಪುಲಿಗೆರೆಗಳು ಒಂದು ಯುದ್ಧದ ಮರುದಿನ ಬೂತುಗನಿಗೆ ಹೋದದ್ದನ್ನು ಆಗಲೇ ಕಂಡೆವು. ಮೆಚ್ಚಿದರೆ ಕೊಡುವ, ಮುನಿದರೆ ಕಸಿಯುವ ನಾಡಿಗೆ ಸಿಂಹಾಸನದ ಮೇಲೆ ಸ್ಥಿರವಾದ ಹಕ್ಕು ಬರುವುದು ಹೇಗೆ? ಇದಕ್ಕೆ ನೊಳಂಬವಾಡಿಗಿಂತ ಒಳ್ಳೆಯ ನಿದರ್ಶನ ನನಗೆ ತೋರುವುದಿಲ್ಲ. ಹತ್ತನೆಯ ಶತಮಾನದಲ್ಲಿ ಇಲ್ಲಿ ಆಳುತ್ತಿದ್ದವರು ನೊಳಂಬ ಪಲ್ಲವರು. ಬೂತುಗನ ಮಗ ಗಂಗ ಮಾರಸಿಂಹ ಅವರನ್ನು ಮುರಿದು ನೊಳಂಬಕುಲಾಂತಕ ಎನಿಸಿಕೊಂಡ, ಉಚ್ಚಂಗಿಯ ಕೋಟೆಯನ್ನು ಹಿಡಿದ. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರು ತಮ್ಮ ಮನೆಯ ಕುಮಾರರನ್ನು ಇಲ್ಲಿಗೆ ಕಳಿಸಿದರು. ಆರನೆಯ ವಿಕ್ರಮಾದಿತ್ಯನ ತಮ್ಮ ಜಯಸಿಂಹ ವೀರನೊಳಂಬ ಎಂಬ ಬಿರುದು ಹೊತ್ತು ಆಳಿ, ಮುಂದೆ ಅಣ್ಣನ ಮೇಲೇ ತಿರುಗಿಬಿದ್ದ. ಅನಂತರ ಉಚ್ಚಂಗಿಯ ಪಾಂಡ್ಯರು. ಹೊಯ್ಸಳ ವಿಷ್ಣುವರ್ಧನ ನೊಳಂಬವಾಡಿಗೊಂಡ ಎಂದು ಕರೆದುಕೊಂಡ. ಅವನ ಮೊಮ್ಮಗ ವೀರಬಲ್ಲಾಳ ಉಚ್ಚಂಗಿಯನ್ನು ಗೆದ್ದು, ಶರಣಾದ ಕಾಮದೇವ ಪಾಂಡ್ಯನಿಗೆ ರಾಜ್ಯವನ್ನು ಮರಳಿ ಕೊಟ್ಟ. ನೊಳಂಬವಾಡಿಗೆ ಒಂದು ಮತವಿದ್ದಿದ್ದರೆ ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಅದು ಐದು ಮನೆತನಗಳ ಕೈ ಬದಲಾಯಿಸುತ್ತಿತ್ತು.

ಒಟ್ಟೋ ತೀರಿಕೊಂಡ 973ರಲ್ಲೇ ರಾಷ್ಟ್ರಕೂಟರ ಆಳ್ವಿಕೆ ಮುರಿದುಬಿತ್ತು. ಅದರ ಹಿಂದಿನ ವರ್ಷ ಪರಮಾರ ಸೀಯಕ ಮಾನ್ಯಖೇಟವನ್ನು ಸೂರೆಮಾಡಿದ್ದ. ತರ್ದವಾಡಿಯ ಮಹಾಸಾಮಂತನಾಗಿದ್ದ ತೈಲಪ ಈಗ ಎರಡನೆಯ ಕರ್ಕನನ್ನು ಕೆಡವಿದ. ಸಾಮಂತರು ಒಂದೆಡೆ ಕುಳಿತು ಯಾರಿಗೆ ಪಟ್ಟವೆಂದು ತೀರ್ಮಾನಿಸುವ ಪದ್ಧತಿಗೆ ಇದಕ್ಕಿಂತ ತಕ್ಕ ಹೊತ್ತು ಬೇರೆ ಇರಲಿಲ್ಲ. ಗಂಗ ಮಾರಸಿಂಹ ತನ್ನ ಆಯ್ಕೆಯನ್ನು ಮಾಡಿದ: ಮೂರನೆಯ ಕೃಷ್ಣನ ಮೊಮ್ಮಗ ಇಂದ್ರನಿಗೆ ಪಟ್ಟ ಕಟ್ಟಿಸಿದ. ಉಚ್ಚಂಗಿಯನ್ನು ಹಿಡಿದದ್ದನ್ನೂ ಇಂದ್ರರಾಜನ ಪಟ್ಟಾಭಿಷೇಕ ಮಾಡಿಸಿದ್ದನ್ನೂ ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಒಂದೇ ಸಾಧನೆಯ ಸಾಲಿನಲ್ಲಿಟ್ಟು ಹೇಳುತ್ತದೆ. ಕೋಟೆ ಹಿಡಿಯುವುದೂ ಅರಸನನ್ನು ಮಾಡುವುದೂ ಆ ಕಾಲಕ್ಕೆ ಒಂದೇ ತೂಕದ ಕೆಲಸ. ತೈಲಪನ ಬಳಿಯೂ ಹಕ್ಕಿನ ಮಾತಿತ್ತು. ಅವನು ಬಾದಾಮಿಯ ಚಾಲುಕ್ಯರ ಕುಡಿಯೆಂದು ಹೇಳಿಕೊಂಡ, ಅವನ ರಾಣಿ ಜಾಕಬ್ಬೆ ರಾಷ್ಟ್ರಕೂಟರ ಮನೆಯ ಮಗಳು. ಉಳಿದ ಸಾಮಂತರು ಒಬ್ಬೊಬ್ಬರಾಗಿ ಅವನ ಕಡೆ ವಾಲಿದರು. ಮಾರಸಿಂಹ ಬಂಕಾಪುರದಲ್ಲಿ ಅಜಿತಸೇನ ಗುರುಗಳ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟ; ಅವನು ಆರಿಸಿದ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ವ್ರತದಿಂದ ಮುಡಿಪಿದ. ಆಯ್ಕೆ ಇತ್ತು, ಆರಿಸಿದವನ ಹೆಸರಿತ್ತು. ಸೋತ ಆಯ್ಕೆಯನ್ನು ಎತ್ತಿಹಿಡಿಯುವ ನಿಯಮವಿರಲಿಲ್ಲ.

ನೂರು ವರ್ಷ ಕಳೆದ ಮೇಲೆ, 1076ರಲ್ಲಿ, ಆರನೆಯ ವಿಕ್ರಮಾದಿತ್ಯ ಅಣ್ಣ ಎರಡನೆಯ ಸೋಮೇಶ್ವರನನ್ನು ತೆಗೆದು ಅರಸನಾದಾಗಲೂ ಹೀಗೆಯೇ. ಅವನ ಆಸ್ಥಾನಕವಿ ಬಿಲ್ಹಣ ಶಿವನ ಅಪ್ಪಣೆಯಾಯಿತೆಂದು ಬರೆದ. ಸೇವುಣರ ಕಡೆಯ ಹೇಮಾದ್ರಿ, ನಮ್ಮ ಸೇವುಣಚಂದ್ರನೇ ಅವನನ್ನು ಶತ್ರುಗಳಿಂದ ಪಾರುಮಾಡಿ ಕಲ್ಯಾಣದಲ್ಲಿ ನೆಲೆಗೊಳಿಸಿದ ಎಂದ. ದೇವಳಿಯ ಪಟ ಒಂದೇ ವಾಕ್ಯದಲ್ಲಿ ಸೇರಿಸಿದ್ದ ದೇವರೂ ಸಾಮಂತರೂ ಇಲ್ಲಿ ಎರಡು ಪುಸ್ತಕಗಳಿಗೆ ಹಂಚಿಹೋಗಿದ್ದಾರೆ. ವಿಕ್ರಮಾದಿತ್ಯ ಶಕವರ್ಷವನ್ನೇ ಬದಿಗಿಟ್ಟು ತನ್ನ ಹೆಸರಿನ ಹೊಸ ಶಕೆಯನ್ನು ಹೂಡಿದ. ಜರ್ಮನಿಯಲ್ಲಿ ಅದರ ಮರುವರ್ಷವೇ ಫೋರ್ಖ್‌ಹೈಮ್‌ನ ಸಭೆ ಸೇರಿದ್ದು.

ಸೊಕ್ಕೆಯ ಓದುಗರಿಗೆ ಇದರ ಕೊನೆಯ ರೂಪ ಪರಿಚಿತವೇ ಇದೆ, ಏಕೆಂದರೆ ಜಗಳೂರು ಸೀಮೆ ಚಿತ್ರದುರ್ಗದ ನಾಯಕರ ಆಳ್ವಿಕೆಗೆ ಸೇರಿತ್ತು. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ದುರ್ಗದಲ್ಲಿ ಹದಿನೈದು ವರ್ಷಗಳ ಒಳಗೆ ಓಬಣ್ಣ, ಶೂರಕಾಂತ, ಚಿಕ್ಕಣ್ಣ, ಲಿಂಗಣ್ಣ, ದೊಣ್ಣೆ ರಂಗಪ್ಪ ಎಂದು ಐವರು ನಾಯಕರು ಬಂದು ಹೋದರು. ಕೂರಿಸುವ, ಇಳಿಸುವ ಕೈ ದಳವಾಯಿಗಳದ್ದು. ಅವರಲ್ಲಿ ಮುದ್ದಣ್ಣನ ಹೆಸರು ತ.ರಾ.ಸು. ಕಾದಂಬರಿಗಳಿಂದ ಮನೆಮಾತಾಗಿದೆ. ಆ ರಕ್ತಪಾತ ನಿಂತದ್ದು 1689ರಲ್ಲಿ ಬಿಚ್ಚುಗತ್ತಿ ಭರಮಣ್ಣ ನಾಯಕನಿಗೆ ಪಟ್ಟವಾದಾಗ. ದಳವಾಯಿಯನ್ನು ದುಷ್ಟನೆಂದು ಕರೆದು ಮುಂದೆ ಹೋಗುವುದು ಸುಲಭ. ಆದರೆ ನಾಯಕನನ್ನು ಯಾರು, ಎಲ್ಲಿ, ಎಷ್ಟು ಜನರ ಒಪ್ಪಿಗೆಯಿಂದ ಆರಿಸಬೇಕು ಎಂಬ ಕಟ್ಟಳೆ ಇಲ್ಲದ ಕಡೆ ಸೈನ್ಯದ ಮುಖಂಡನೇ ಮತದಾರನಾಗುತ್ತಾನೆ. ಮುದ್ದಣ್ಣ ಇಲ್ಲದಿದ್ದರೆ ಇನ್ನೊಬ್ಬ ಆಗುತ್ತಿದ್ದ.

ಹಾಗಾದರೆ ಕಟ್ಟಳೆ ಇದ್ದ ಜರ್ಮನಿಯೇ ಮೇಲು ಎನ್ನಬಹುದೇ? ಅಷ್ಟು ಬೇಗ ಅನ್ನಲಾರೆ. 1438ರಿಂದ ಮುಂದೆ ಮತದಾರ ಪ್ರಭುಗಳ ಮತಗಳು ಹೆಚ್ಚುಕಡಿಮೆ ಪ್ರತಿ ಸಲವೂ ಹಾಪ್ಸ್‌ಬರ್ಗ್ ಮನೆಗೇ ಬಿದ್ದವು. ನಡುವೆ 1742ರಲ್ಲಿ ಬವೇರಿಯದವನೊಬ್ಬ ಬಂದು ಮೂರೇ ವರ್ಷ ಇದ್ದ. 1508ರಲ್ಲಿ ಮ್ಯಾಕ್ಸಿಮಿಲಿಯನ್ ರೋಮಿಗೆ ಹೋಗದೆಯೇ ಆಯ್ಕೆಯಾದ ಚಕ್ರವರ್ತಿ ಎಂಬ ಬಿರುದು ತೆಗೆದುಕೊಂಡ, 1530ರಲ್ಲಿ ಕಿರೀಟ ಧರಿಸಿದ ಐದನೆಯ ಕಾರ್ಲ್‌ನ ನಂತರ ಪೋಪನ ಕೈಯಿಂದ ಯಾರೂ ಕಿರೀಟ ಧರಿಸಲಿಲ್ಲ. 1764ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಎರಡನೆಯ ಜೋಸೆಫ್‌ನ ಆಯ್ಕೆ ಸಕಲ ವಿಧಿಗಳೊಂದಿಗೆ ನಡೆಯಿತು. ಆ ವೈಭವವನ್ನು ಹದಿನಾಲ್ಕರ ಹುಡುಗ ಗಯಟೆ ಕಣ್ಣಾರೆ ಕಂಡು ಮುಂದೆ ಆತ್ಮಕಥೆಯಲ್ಲಿ ವಿವರಿಸಿದ. ಆದರೆ ತಂದೆ ಚಕ್ರವರ್ತಿಯಾಗಿದ್ದಾಗಲೇ ಮಗನನ್ನು ಆರಿಸಿದ ಆ ಸಭೆಯ ಫಲಿತಾಂಶ ಎಲ್ಲರಿಗೂ ಮೊದಲೇ ಗೊತ್ತಿತ್ತು. ಅದಕ್ಕೆ ಹತ್ತು ವರ್ಷ ಮೊದಲು, 1754ರಲ್ಲಿ, ಚಿತ್ರದುರ್ಗದ ಕಸ್ತೂರಿ ರಂಗಪ್ಪ ನಾಯಕ ಮಕ್ಕಳಿಲ್ಲದೆ ತೀರಿಕೊಂಡಾಗ ದುರ್ಗದವರು ಜಾನಕಲ್ಲಿನ ಭರಮಪ್ಪನ ಮಗನನ್ನು, ಇನ್ನೂ ಹುಡುಗನಾಗಿದ್ದ ಮದಕರಿಯನ್ನು, ಕರೆತಂದು ಪಟ್ಟ ಕಟ್ಟಿದರು. ಯಾವ ಸುವರ್ಣಮುದ್ರೆಯ ಆಧಾರವೂ ಅದಕ್ಕಿರಲಿಲ್ಲ. ಆದರೂ ಆ ಎರಡರಲ್ಲಿ ನಿಜವಾಗಿ ಆರಿಸಿದವರು ಯಾರು ಎಂದು ಕೇಳಿದರೆ ನಾನು ದುರ್ಗದವರನ್ನೇ ಹೆಸರಿಸುತ್ತೇನೆ.